ಒಂದೇ ಪಟ್ಟಿ ತೋರಿದ ಮೂರು ಸಸಿಗಳು

ಕಾಸರಗೋಡು, 12 ಜುಲೈ 2023, ಬುಧವಾರ

ಎರಡು ತಳಿ ಬೆರೆಸಿ ಪಡೆದ ಸಂಕರ ಸಸಿಗಳೇ ಹೌದೇ ಎಂದು ಪರೀಕ್ಷಿಸಲು, ಮಳೆಯ ನಡುವೆಯೇ ಸಸಿಮಡಿಗೆ ಹೋಗಿ 24 ತೆಂಗಿನ ಸಸಿಗಳಿಂದ ಎಳೆಯ ಗರಿಯ ತುಂಡುಗಳನ್ನು ತಂದದ್ದು ಸೋಮವಾರ. ಬಲಿತ ಗರಿಯನ್ನು ಅರೆದರೆ ಅದರ ಪಾಲಿಫಿನಾಲು ಮತ್ತು ಲೋಳೆಯಂಥ ಸಕ್ಕರೆಗಳು ಡಿಎನ್‌ಎಗೆ ಅಂಟಿಕೊಂಡು ಕೆಲಸವನ್ನು ಕೆಡಿಸುತ್ತವೆ; ಆದ್ದರಿಂದ ಎಳೆಯದನ್ನೇ ಆರಿಸಿ, ದ್ರವ ಸಾರಜನಕದಲ್ಲಿ ಪುಡಿ ಮಾಡಿದೆವು. ಬೇಕಾದ ಡಿಎನ್‌ಎ ತುಂಡಿನ ಅಸಂಖ್ಯ ನಕಲು ಮಾಡುವ ಪಿಸಿಆರ್ ಮುಗಿಸಿ, ಆ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಪಟ್ಟಿಗಳಾಗಿ ತೋರಿಸುವ ಜೆಲ್ ಇವತ್ತು ಓಡಿಸಿದೆ.

ಈ ಸಸಿಗಳ ತಾಯಿ ಹಸಿರು ಗಿಡ್ಡ ತಳಿ, ತಂದೆ ಎತ್ತರ ತಳಿ. ಚಂದ್ರಸಂಕರ ಎಂಬ ಸಂಕರ ತಳಿಯಂತೆ ತಾಯಿ ಕಿತ್ತಳೆ ಬಣ್ಣದ ಗಿಡ್ಡ ತಳಿಯಾಗಿದ್ದರೆ ಎಲೆದಂಟಿನ ಬಣ್ಣ ನೋಡಿಯೇ ಸಂಕರ ಸಸಿಯನ್ನು ಬೇರ್ಪಡಿಸಬಹುದಿತ್ತು. ಹಸಿರು ತಾಯಿಯ ಮಕ್ಕಳಲ್ಲಿ ಆ ಅನುಕೂಲವಿಲ್ಲ. ಗಿಡ್ಡ ತಳಿಯ ಹೊಂಬಾಳೆಯಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಹೆಚ್ಚುಕಡಿಮೆ ಒಟ್ಟಿಗೇ ಪಕ್ವವಾಗುವುದರಿಂದ, ಗಂಡು ಹೂಗಳನ್ನು ಕಿತ್ತು ಚೀಲ ಕಟ್ಟಿದರೂ ಎಲ್ಲೋ ಒಂದು ಕಡೆ ಸ್ವಂತ ಪರಾಗ ತಗಲಿರಬಹುದೆಂಬ ಅನುಮಾನ ಉಳಿದೇ ಇರುತ್ತದೆ. ಫಸಲಿಗಾಗಿ ವರ್ಷಗಟ್ಟಲೆ ಕಾಯುವ ರೈತನ ಕೈಗೆ ಅನುಮಾನದ ಸಸಿಯನ್ನು ಕೊಡುವುದು ನನಗೆ ಒಪ್ಪಿಗೆಯಿಲ್ಲ.

ನಾನು ಬಳಸಿದ ಮಾರ್ಕರು (ಗುರುತು ಹಿಡಿಯಲು ನೋಡುವ ಡಿಎನ್‌ಎ ಭಾಗ) ಮೈಕ್ರೊಸ್ಯಾಟಲೈಟ್, ಅಂದರೆ ಎರಡು ಮೂರು ಅಕ್ಷರಗಳು ಸಾಲಾಗಿ ಮರುಕಳಿಸುವ ಡಿಎನ್‌ಎ ತುಂಡು; ಎಷ್ಟು ಸಲ ಮರುಕಳಿಸಿದೆಯೋ ಅದಕ್ಕೆ ತಕ್ಕಂತೆ ಅದರ ಉದ್ದ ಬದಲಾಗುತ್ತದೆ. ಸ್ವಪರಾಗದಿಂದ ಬೆಳೆದ ಗಿಡ್ಡ ತಳಿಯಲ್ಲಿ ಸಾಮಾನ್ಯವಾಗಿ ಆ ತುಂಡಿನ ಎರಡೂ ಪ್ರತಿಗಳು ಒಂದೇ ಉದ್ದವಾಗಿದ್ದು ಜೆಲ್‌ನಲ್ಲಿ ಒಂದೇ ಪಟ್ಟಿ ಬರುತ್ತದೆ. ಸಂಕರ ಸಸಿಯಲ್ಲಿ ತಾಯಿಯದೊಂದು, ತಂದೆಯದೊಂದು, ಹೀಗೆ ಎರಡು ಪಟ್ಟಿಗಳು ಕಾಣಬೇಕು. 21 ಸಸಿಗಳಲ್ಲಿ ಎರಡು ಕಂಡವು, ಮೂರರಲ್ಲಿ ಒಂದೇ.

ಆ ಮೂರನ್ನು ಕಿತ್ತೆಸೆಯೋಣವೆಂದು ಜೊತೆಯವರು ಹೇಳಿದರು. ನಾನು ಒಪ್ಪಲಿಲ್ಲ. ಎತ್ತರ ತಳಿ ಪರಪರಾಗದಿಂದ ಬೆಳೆಯುವುದು, ಅದರ ಒಂದೊಂದು ಮರವೂ ಒಂದೊಂದು ಬಗೆ. ಪರಾಗವನ್ನಾದರೋ ನಾವು ಹಲವು ಮರಗಳಿಂದ ಒಟ್ಟುಗೂಡಿಸಿದ್ದೆವು. ಅವುಗಳಲ್ಲಿ ಒಂದು ಮರಕ್ಕೆ ತಾಯಿಯಷ್ಟೇ ಉದ್ದದ ತುಂಡಿದ್ದರೆ ಅಪ್ಪಟ ಸಂಕರ ಸಸಿಯೂ ಒಂದೇ ಪಟ್ಟಿ ತೋರೀತು. ಎರಡು ಪಟ್ಟಿ ತೋರಿದ 21ರ ಮಾತೂ ಅಷ್ಟೇ: ಹೊರಗಿನ ಪರಾಗ ಬಂದಿದೆ ಎಂದು ತಿಳಿಯಿತೇ ಹೊರತು, ಅದು ನಾವು ಉದ್ದೇಶಿಸಿದ ಮರದ್ದೇ, ಪಕ್ಕದ ತೋಟದಿಂದ ಗಾಳಿಯಲ್ಲೋ ಜೇನಿನ ಕಾಲಲ್ಲೋ ಬಂದದ್ದೇ ಎಂಬುದನ್ನು ಒಂದು ಮಾರ್ಕರು ಹೇಳಲಾರದು. ಅದಕ್ಕೆ ಐದಾರು ಮಾರ್ಕರುಗಳನ್ನು ಕೂಡಿಸಿ ನೋಡಬೇಕು, ಮೊದಲು ತಂದೆ ಮರಗಳ ಗರಿಯೇ ಬೇಕು. ಇದನ್ನು ಸಂಕರಣಕ್ಕೆ ಮುಂಚೆಯೇ ಮಾಡಬೇಕಿತ್ತು, ತಪ್ಪು ನನ್ನದೇ.

ಮರ ಹತ್ತುವವರು ಮಳೆ ಬಿಟ್ಟ ಮೇಲೆ ಬರುತ್ತೇನೆಂದಿದ್ದಾರೆ. ಮೂರು ಸಸಿಗಳಿಗೂ ಕೆಂಪು ಚೀಟಿ ಕಟ್ಟಿ ಸಸಿಮಡಿಯ ಮೂಲೆಗೆ ಸರಿಸಿಟ್ಟಿದ್ದೇನೆ.