ಪಿಬಿಎಸ್ಸಾ, ಎಸ್‌ಪಿಬಿನಾ? ತಗೊಳ್ಳಿ ಉತ್ತರ

ಪಿ.ಬಿ. ಶ್ರೀನಿವಾಸ್.

ಪಿ.ಬಿ. ಶ್ರೀನಿವಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರಲ್ಲಿ ದೊಡ್ಡ ಗಾಯಕ ಯಾರು ಅಂತ ಕೇಳಿದಿರಿ, ಹೇಳಿದೆ. ಹದಿನೈದು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೇನೆ. ಮೈಕ್ ಕೆಳಗಿಟ್ಟು ಒಂದು ಲೋಟ ಬಿಸಿನೀರು ಕುಡಿಯೋಣ ಅಂದರೆ ಯಾರಾದರೂ ಬಂದು ನಿಲ್ಲುತ್ತಾರೆ. "ಗಾಯಕರಲ್ಲಿ ನಂಬರ್ ಒನ್ ಯಾರು ಸರ್?" ಪಿಬಿಎಸ್ ಅಂದರೆ, "ಅವರಿಗೆ ರೇಂಜ್ ಎಲ್ಲಿದೆ?" ಎಸ್‌ಪಿಬಿ ಅಂದರೆ, "ಹಾಗಾದ್ರೆ ಅಣ್ಣಾವ್ರು ಲೆಕ್ಕಕ್ಕಿಲ್ವಾ?" ಅಣ್ಣಾವ್ರು ಅಂದರೆ ಇನ್ಯಾರೋ ಸಿ. ಅಶ್ವತ್ಥ್ ಹೆಸರು ತೆಗೆದು, "ಸಿನಿಮಾ ಬಿಟ್ರೆ ಬೇರೆ ಹಾಡೇ ಇಲ್ವಾ ನಿಮಗೆ?" ಅಂತಾರೆ. ಕೇಳುವವರ ಹತ್ತಿರ ಉತ್ತರ ಮೊದಲೇ ಇರುತ್ತದೆ. ನಾನು ಹೌದು ಅನ್ನಬೇಕು, ಅಷ್ಟೆ.

ಆ "ರೇಂಜ್" ಅನ್ನೋ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಮೇಲಿನ ಸ್ವರ ಮುಟ್ಟಿದರೆ ಮಾತ್ರ ಹಾಡುಗಾರಿಕೆಯಾ? ದನಿ ಏರಿಸಿ ಹಾಡುವಾಗ ಸಣ್ಣಪುಟ್ಟ ತಪ್ಪು ಡ್ರಮ್ಸ್ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ತಗ್ಗಿಸಿ ಹಾಡಿ ನೋಡಿ. ಉಸಿರು ಎಳೆದುಕೊಂಡಿದ್ದೂ ಮೈಕಿನಲ್ಲಿ ಕೇಳುತ್ತದೆ.

ಚಿತ್ರದುರ್ಗದಲ್ಲಿ ಒಂದು ರಿಸೆಪ್ಷನ್. ಒಬ್ಬ ಹುಡುಗ ಮೂರು ಚೀಟಿ ತಂದುಕೊಟ್ಟ. ಒಂದರಲ್ಲಿ "ಬಾರೆ ಬಾರೆ", ಇನ್ನೊಂದರಲ್ಲಿ "ಹಾವಿನ ದ್ವೇಷ". ಎರಡೂ 1972ರ 'ನಾಗರಹಾವು' ಸಿನಿಮಾದ ಹಾಡು, ಮೊದಲನೆಯದು ಪಿಬಿಎಸ್ ಹಾಡಿದ್ದು, ಎರಡನೆಯದು ಎಸ್‌ಪಿಬಿ. ದುರ್ಗದ ಕೋಟೆಯಲ್ಲೇ ತೆಗೆದ ಸಿನಿಮಾ, ಆ ಊರಿನವರು ಬಿಡುತ್ತಾರಾ? ಮೂರನೇ ಚೀಟಿಯಲ್ಲಿ ಹಾಡಿರಲಿಲ್ಲ. "ಪಿಬಿಎಸ್ ದೊಡ್ಡವರಾ, ಎಸ್‌ಪಿಬಿ ದೊಡ್ಡವರಾ? ಮೈಕಲ್ಲೇ ಹೇಳಿ."

ಹಾವಿನ ಹಾಡನ್ನೇ ಮೊದಲು ಹಾಡಿದೆ. ಮದುವೆ ಮನೆಯಲ್ಲಿ ಹನ್ನೆರಡು ವರ್ಷದ ದ್ವೇಷದ ಹಾಡು! ಹುಡುಗರು ಕುರ್ಚಿ ಬಿಟ್ಟು ಎದ್ದು ಕುಣಿದರು. ಮದುಮಗಳ ಅಪ್ಪ ಮಾತ್ರ ಬೀಗರ ಮುಖವನ್ನೇ ನೋಡುತ್ತಿದ್ದರು.

ಆಮೇಲೆ "ಬಾರೆ ಬಾರೆ". ಮೈಕನ್ನು ತುಟಿ ಹತ್ತಿರ ತಂದೆ. ಎರಡನೇ "ಬಾರೆ" ಮೊದಲನೆಯದಕ್ಕಿಂತ ಒಂಚೂರೂ ಜೋರಾಗಬಾರದು. ಜೋರಾದರೆ ಕರೆದ ಹಾಗಿರೋದಿಲ್ಲ, ಕೂಗಿದ ಹಾಗಿರುತ್ತದೆ. ಊಟದ ಹಾಲಿನಿಂದ ತಟ್ಟೆ, ಬಕೆಟ್ಟಿನ ಸದ್ದು. ಸೌಂಡಿನವನು ವಾಲ್ಯೂಮ್ ಏರಿಸಿದ, ಮೈಕ್ ಕುಂಯ್ ಅಂತು. ನಾನು ದನಿ ಏರಿಸಲಿಲ್ಲ. ಮೊದಲ ಚರಣ ಮುಗಿಯುವಷ್ಟರಲ್ಲಿ ಬೆನ್ನೆಲ್ಲ ಒದ್ದೆ. ಹಾವಿನ ದ್ವೇಷಕ್ಕೆ ಅಷ್ಟು ಬೆವರಿರಲಿಲ್ಲ.

ಯಾರೂ ಕೇಳದ ಒಂದು ಪ್ರಶ್ನೆ ಇದೆ. ಒಂದೇ ಸಿನಿಮಾ, ಒಬ್ಬನೇ ರಾಮಾಚಾರಿ, ಆ ಪಾತ್ರಕ್ಕೆ ವಿಷ್ಣುವರ್ಧನ್. ಅವನು ಪ್ರೀತಿಸುವಾಗ ಪಿಬಿಎಸ್ ದನಿ, ಸಿಡಿಯುವಾಗ ಎಸ್‌ಪಿಬಿ ದನಿ. ಯಾಕೆ? ಸಂಗೀತ ಕೊಟ್ಟವರು ವಿಜಯಭಾಸ್ಕರ್. ಪಿಬಿಎಸ್‌ಗೆ ಆಗ 42 ವರ್ಷ, ರಾಜ್‌ಕುಮಾರ್ ದನಿ ಅಂತಲೇ ಮನೆಮಾತು. ಎಸ್‌ಪಿಬಿಗೆ 26, ಕನ್ನಡಕ್ಕೆ ಬಂದು ಐದೇ ವರ್ಷ. ನನಗೆ ಅನ್ನಿಸೋದು ಇಷ್ಟು: ರಾಮಾಚಾರಿಯ ಸಿಟ್ಟು ಅವನ ವಯಸ್ಸಿನದೇ, ಅದಕ್ಕೆ ಬಿಸಿರಕ್ತದ ದನಿ ಬೇಕಿತ್ತು. ಅವನ ಪ್ರೀತಿ ಮಾತ್ರ ಅವನಿಗಿಂತ ದೊಡ್ಡದು. ಅದನ್ನು ಹೇಳೋಕೆ ಮಾಗಿದ ದನಿಯೇ ಆಗಬೇಕು. ಥಿಯೇಟರಿನಲ್ಲಿ ಕೂತವರಿಗೆ ಹಾಡಿದ್ದು ಇಬ್ಬರು ಅಂತ ಅನ್ನಿಸೋದೇ ಇಲ್ಲ, ಅಲ್ವಾ?

ಹೀಗೆ ಕೇಳಿ, ರಾತ್ರಿಯಿಡೀ ಮಾತಾಡುತ್ತೇನೆ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆ ಮೇಲೆ ಕೂತು ಹಾಡುವ ಹಾಡಿಗೆ ರಾಜ್‌ಕುಮಾರ್ ಅವರದೇ ದನಿ ಬಂತು. ಪಿಬಿಎಸ್ ನನಗೆ ಪ್ರಾಣ. ಆದರೂ ಆ ಹಾಡನ್ನು ಅವರ ದನಿಯಲ್ಲಿ ಊಹಿಸೋಕೆ ನನಗೆ ಆಗೋದಿಲ್ಲ. ಎಮ್ಮೆ ಮೇಲಿನ ಆ ಹಳ್ಳಿಗನಿಗೆ ಅಷ್ಟು ನಯ ಹೊಂದೋದಿಲ್ಲ. ಶರೀಫಜ್ಜನ ಪದಗಳನ್ನು ಅಶ್ವತ್ಥ್ ಎದೆಯಿಂದ ಎತ್ತಿ ಹಾಡಿದ್ದೂ ಹಾಗೇ. ಬೇರೆಯವರ ಬಾಯಲ್ಲಿ ಅವು ಅಷ್ಟು ತಟ್ಟಲ್ಲ.

ದುರ್ಗದಲ್ಲಿ ಮೈಕಿನಲ್ಲಿ ಉತ್ತರ ಹೇಳಲಿಲ್ಲ. ಆ ಹುಡುಗ ಬಿಡಲಿಲ್ಲ, ಸ್ಟೇಜ್ ಹತ್ತಿಬಂದ. ಅವನ ಚೀಟಿಯ ಹಿಂದೆ "ಪಿಬಿಎಸ್" ಅಂತ ಬರೆದುಕೊಟ್ಟೆ. ಅವನು ಓದಿದ, ಮಡಚಿ ಜೇಬಿಗಿಟ್ಟುಕೊಂಡ.

"ಸರಿ ಅಣ್ಣಾ, ಹಾವಿನ ದ್ವೇಷ ಇನ್ನೊಂದ್ಸಲ ಹಾಡಿ."

ಹಾಡಿದೆ.