ಎಲೆ ಕಣಜದ ಮೇಷ್ಟ್ರು

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ತೀರಿಕೊಂಡ ಮೇಲೆ, ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕರು ಕೇಳಿದ್ದಾರೆ. ಕ್ಲಾಸಿನಲ್ಲಿ ಅವರು ಏನು ಪಾಠ ಮಾಡಿದರು ಎಂದು ಕೇಳಿದರೆ ನಮ್ಮ ಬ್ಯಾಚಿನಲ್ಲಿ ಯಾರೂ ನೆಟ್ಟಗೆ ಹೇಳಲಾರರು. ಜರೀಗಿಡದ ಜೀವನಚಕ್ರ ಬಿಡಿಸಿದ್ದ ರೆಕಾರ್ಡ್ ಪುಸ್ತಕಗಳೆಲ್ಲ ಎಂದೋ ಗುಜರಿ ಸೇರಿದವು. ಹಾಸ್ಟೆಲಿನ ಹಿಂದಿದ್ದ ಗೊಬ್ಬರದ ರಾಶಿಗಳ ಬಗ್ಗೆ ಕೇಳಿ ನೋಡಿ, ಅಳತೆ ಸಮೇತ ಹೇಳುತ್ತೇವೆ. ಆದ್ದರಿಂದ ಈ ಬರಹದಲ್ಲಿ ಮೇಷ್ಟ್ರಿಗಿಂತ ಗೊಬ್ಬರವೇ ಹೆಚ್ಚು. ಅವರಿದ್ದಿದ್ದರೆ ಅದನ್ನೇ ಮೆಚ್ಚುತ್ತಿದ್ದರು.

ಅವರು ಬರುವ ಮೊದಲು ಇದ್ದದ್ದು ಒಂದು ಗುಂಡಿ. ಮೆಸ್ಸಿನ ಕಸ ಅದಕ್ಕೆ ಸುರಿಯುವುದು, ತುಂಬಿದ ಮೇಲೆ ಮಣ್ಣು ಎಳೆಯುವುದು. ಗುಂಡಿ ಪದ್ಧತಿಯ ಮೇಲೆ ಮೇಷ್ಟ್ರಿಗೆ ಗೌರವವೇನೂ ಕಡಿಮೆ ಇರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಕ್ರಮ ಹೊರದೇಶಗಳಲ್ಲೂ ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾಗಿದೆ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಕಂದಕದಲ್ಲಿ ಕಸದ ಒಂದು ಪದರ, ಅದರ ಮೇಲೆ ಮಲ ಅಥವಾ ಸಗಣಿಯ ತೆಳು ಪದರ, ಹೀಗೆ ತುಂಬುತ್ತ ಬಂದು ಕೊನೆಗೆ ಕೆಸರು ಮೆತ್ತಿಬಿಟ್ಟರೆ ಎಂಟೊಂಬತ್ತು ತಿಂಗಳಿಗೆ ಗೊಬ್ಬರ. ಮಗುಚುವ ಕೂಲಿ ಇಲ್ಲ, ನೀರು ಹೊರುವ ಕೆಲಸವೂ ಇಲ್ಲ. “ಬಯಲುಸೀಮೆಗೆ ಹೇಳಿ ಮಾಡಿಸಿದ್ದು ಮಾರಾಯ. ನಮ್ಮಲ್ಲಿ ಜೂನ್ ಹಿಡೀತು ಅಂದ್ರೆ ಗುಂಡಿ ಹೋಗಿ ಬಾವಿ ಆಗ್ತದೆ” ಎನ್ನುತ್ತಿದ್ದರು. ನೀರು ನಿಂತ ಕಸ ಹುಳಿತು ನಾರುತ್ತದೆ, ಸತ್ವವೆಲ್ಲ ಬಸಿದುಹೋಗುತ್ತದೆ, ಹತ್ತಿರ ಬಾವಿಯಿದ್ದರೆ ಅದಕ್ಕೇ ಇಳಿಯುತ್ತದೆ. ಹಾಗಾಗಿ ಅವರು ಹಿಡಿದದ್ದು ಇಂದೋರಿನ ಕ್ರಮ. 1924ರಿಂದ 1931ರವರೆಗೆ ಅಲ್ಲಿ ಕೆಲಸ ಮಾಡಿದ ಆಲ್ಬರ್ಟ್ ಹೊವಾರ್ಡ್, ಮಳೆಗಾಲದಲ್ಲಿ ಗುಂಡಿ ಬಿಟ್ಟು ನೆಲದ ಮೇಲೆ ರಾಶಿ ಹಾಕುತ್ತಿದ್ದ.

ಆದರೆ ತೊಂದರೆಯ ಮೂಲ ಇರುವುದು ಪಂಚಾಂಗದಲ್ಲಿ ಎಂದು ಕಂಡುಕೊಂಡದ್ದೇ ಅವರ ಹೆಚ್ಚುಗಾರಿಕೆ. ಹೊಂಗೆ, ಮಳೆಮರ, ತೇಗ ಎಲೆ ಉದುರಿಸುವುದು ಬೇಸಿಗೆಗೆ ಮುಂಚೆ, ಹೆಚ್ಚುಕಡಿಮೆ ಮಾರ್ಚ್ ಒಳಗೆ. ಮೆಸ್ಸಿನ ಕಸ ಶುರುವಾಗುವುದು ಜೂನಿನಲ್ಲಿ, ಹುಡುಗರು ಬಂದ ಮೇಲೆ. ಎಲೆ ಬಿದ್ದಿರುವಾಗ ಗುಡಿಸಿ ಬೆಂಕಿ ಇಡುತ್ತಾರೆ. ಎಲೆ ಬೇಕಾದಾಗ ಇಡೀ ಕ್ಯಾಂಪಸ್ಸಿನಲ್ಲಿ ಒಂದು ಹೆಡಿಗೆ ಒಣ ದರಗು ಹುಟ್ಟುವುದಿಲ್ಲ. ತರಕಾರಿ ಸಿಪ್ಪೆ, ಊಟದ ಉಳಿಕೆಯಲ್ಲಿ ಸಾರಜನಕ ಒಂದು ಪಾಲಿದ್ದರೆ ಇಂಗಾಲ 15ರಿಂದ 20 ಪಾಲು. ಒಣ ಎಲೆಯಲ್ಲಿ 40ರಿಂದ 80 ಪಾಲು. ರಾಶಿಗೆ ಬೇಕಾದದ್ದು 25ರಿಂದ 30. ಎಲೆ ಇಲ್ಲದೆ ಬರೀ ಹಸಿಕಸ ಸುರಿದರೆ ಹೆಚ್ಚಾದ ಸಾರಜನಕ ಅಮೋನಿಯ ಆಗಿ ಮೂಗಿಗೆ ಹೊಡೆಯುತ್ತದೆ. ನಾತ ಬರುತ್ತದೆಂದು ಗೊಬ್ಬರ ಮಾಡುವುದನ್ನೇ ಕೈಬಿಟ್ಟ ಕಾಲೇಜುಗಳಿವೆ. ಅಲ್ಲೆಲ್ಲ ಕೊರತೆಯಿದ್ದದ್ದು ಎಲೆಗೆ.

ಅದಕ್ಕೇ ಕಣಜ, ಉದುರಿದ ಎಲೆಯನ್ನು ಮಳೆಗಾಲಕ್ಕೆಂದು ಕೂಡಿಡುವ ಗೂಡು. ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿ ತೋರಿಸುತ್ತಿದ್ದರು. ದಿನಕ್ಕೆ 20 ಲೀಟರಿನ ಎರಡು ಬಕೆಟ್ ಹಸಿಕಸ, ಅಂದರೆ 40 ಲೀಟರ್. ಒಂದು ಪಾಲು ಹಸಿಗೆ ಮೂರು ಪಾಲು ಸಡಿಲ ಎಲೆಯಂತೆ ದಿನಕ್ಕೆ 120 ಲೀಟರ್ ಎಲೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 150 ದಿನಕ್ಕೆ 18,000 ಲೀಟರ್. ಎಂಟು ಅಡಿ ಚೌಕ, ಆರು ಅಡಿ ಎತ್ತರದ ಒಂದು ಕಣಜ ಸುಮಾರು 11,000 ಲೀಟರ್ ಹಿಡಿಯುತ್ತದೆ. ಹಾಗಾಗಿ ಎರಡು ಬೇಕು. ಮೂಲೆಗೆ ಅಕೇಶಿಯಾ ಗೂಟ, ಸುತ್ತ ಕೋಳಿಜಾಲರಿ, ತಳಕ್ಕೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಅಡಿಕೆ ದಬ್ಬೆ, ತಲೆಗೆ ತಗಡು. ತಳ ನೆಲಕ್ಕೆ ತಾಗಿದರೆ ಗೆದ್ದಲು ಏರುತ್ತದೆ. ಜಾಲರಿಯ ಬದಲು ಗೋಡೆ ಕಟ್ಟಿದರೆ ಎಲೆ ಮುಗ್ಗುತ್ತದೆ.

ಎಲೆಗಳಲ್ಲೂ ಜಾತಿ ನೋಡುತ್ತಿದ್ದರು, ಅವರು ನೋಡುತ್ತಿದ್ದ ಜಾತಿ ಅದೊಂದೇ. ಮಳೆಮರದ ಸಣ್ಣ ಎಲೆ, ಹೊಂಗೆ ಎಲೆ ಬೇಗ ಕರಗುತ್ತವೆ. ಮಾವು, ಹಲಸು ದಪ್ಪ. ಮೇಣದ ಹೊಳಪಿರುವ ಎಲೆ ಇಡಿಯಾಗಿ ಬಿದ್ದರೆ ಒಂದರ ಮೇಲೊಂದು ಅಂಟಿ ಚಾಪೆಯಾಗುತ್ತದೆ, ನೀರೂ ಇಳಿಯದು, ಗಾಳಿಯೂ ಆಡದು. ಅವನ್ನು ಸೈಕಲ್ ಸ್ಟ್ಯಾಂಡಿನ ದಾರಿಗೆ ಹರವಿಸುತ್ತಿದ್ದರು. ಒಂದು ವಾರ ಎಲ್ಲರ ಚಕ್ರ ಹರಿದಾಡಿದರೆ ಪುಡಿ. ಅಕೇಶಿಯಾ ಎಲೆಗೆ ಮಾತ್ರ ಬೇರೆ ಮೂಲೆ, ಅದಕ್ಕೆ ವರ್ಷದ ಗಡುವು.

ರಾಶಿ ಕಟ್ಟುವ ಕ್ರಮ ಹೀಗಿತ್ತು. ಆರಡಿ ಅಗಲ, ಐದಡಿ ಎತ್ತರ, ಉದ್ದ ಕಸ ಇದ್ದಷ್ಟು. ಮೂರಡಿಗಿಂತ ಚಿಕ್ಕ ರಾಶಿ ಕಾವು ಹಿಡಿಯುವುದಿಲ್ಲ, ಹೊರಮೈಯಿಂದಲೇ ತಣ್ಣಗಾಗಿಬಿಡುತ್ತದೆ. ತಳಕ್ಕೆ ಅರ್ಧ ಅಡಿ ಪುರಲೆ ಕಡ್ಡಿ. ಆಮೇಲೆ ಒಂದು ಗೇಣು ಎಲೆ, ನಾಲ್ಕು ಬೆರಳು ಹಸಿಕಸ, ಮೇಲೆ ಸಗಣಿ ಬಗ್ಗಡ ಚಿಮುಕಿಸುವುದು. ಒಂದು ಬಕೆಟ್ ನೀರಿಗೆ ಎರಡು ಬೊಗಸೆ ಸಗಣಿ, ಒಂದು ಹಿಡಿ ಹಳೇ ಗೊಬ್ಬರ. ಮತ್ತೆ ಎಲೆ. ದಿನದ ಕೆಲಸ ಮುಗಿಯುವುದು ಯಾವತ್ತೂ ಎಲೆಯಿಂದಲೇ. ಹಸಿಕಸದ ಒಂದು ತುಂಡೂ ಹೊರಗೆ ಕಾಣಬಾರದು, ಕಂಡರೆ ನೊಣ. ನಡುವೆ ನಾಲ್ಕಡಿಗೊಂದು ಬಿದಿರಿನ ಗಳ ನೆಟ್ಟು, ರಾಶಿ ಎದ್ದ ಮೇಲೆ ಕಿತ್ತರೆ ಗಾಳಿಗೆ ದಾರಿ. ಮಳೆಗೆ ಅಡಿಕೆ ಸೋಗೆಯ ಹೊದಿಕೆ. ಪ್ಲಾಸ್ಟಿಕ್ ಟಾರ್ಪಾಲನ್ನು ಬಿಗಿಯಾಗಿ ಹೊದಿಸಿದರೆ ಉಸಿರು ಕಟ್ಟುತ್ತದೆ. ಹದಿನೈದನೇ ದಿನ, ಮೂವತ್ತನೇ ದಿನ, ಅರವತ್ತನೇ ದಿನ ಮಗುಚುವುದು, ಹೊರಗಿನದು ಒಳಕ್ಕೆ, ಒಳಗಿನದು ಹೊರಕ್ಕೆ. ನಾಲ್ಕು ತಿಂಗಳಿಗೆ ಜರಡಿ.

ತೇವ ನೋಡಲು ಮುಷ್ಟಿಯೇ ಸಾಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು. ಧಾರೆ ಇಳಿದರೆ ಎಲೆ ಸೇರಿಸು, ಉದುರಿದರೆ ನೀರು ಹಾಕು. ಇರುವೆ ಗೂಡು ಕಟ್ಟಿದರೆ ರಾಶಿ ಒಣಗಿದೆ ಎಂದರ್ಥ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ಆವತ್ತೇ ಮಗುಚಬೇಕು. ವಾಸನೆಗೆಂದು ಸುಣ್ಣ ಎರಚುವವರನ್ನು ಕಂಡರೆ ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಸುಣ್ಣ ಬಿದ್ದರೆ ಸಾರಜನಕ ಅಮೋನಿಯ ಆಗಿ ಹಾರಿಹೋಗತೊಡಗುತ್ತದೆ. “ಗೊಬ್ಬರದ ದುಡ್ಡನ್ನ ಆಕಾಶಕ್ಕೆ ಎಸೀತಿದೀಯ” ಎಂದು ಮಾಲಿಯನ್ನು ಬೈದದ್ದು ಹುಡುಗಿಯರ ಹಾಸ್ಟೆಲಿನವರೆಗೂ ಕೇಳಿಸಿತ್ತಂತೆ.

ಮೆಸ್ಸಿನ ಭಟ್ಟರಿಗೂ ಅವರಿಗೂ ವರ್ಷವಿಡೀ ಜಟಾಪಟಿ. ಭಟ್ಟರ ಪ್ರಕಾರ ಕಸ ಎಂದರೆ ಕಸ. ಮೇಷ್ಟ್ರು ಅಡುಗೆಮನೆಯ ಹಿಂಬಾಗಿಲಲ್ಲಿ ಮೂರು ಡ್ರಮ್ಮು ಇಡಿಸಿದರು. ಒಂದಕ್ಕೆ ಸಿಪ್ಪೆ, ಟೀ ಚರಟ, ಬಾಳೆಲೆ. ಇನ್ನೊಂದಕ್ಕೆ ಅನ್ನ, ಅಕ್ಕಚ್ಚು. ಇದು ದನ ಇರುವವರ ಮನೆಗೆ. ಮೂರನೆಯದಕ್ಕೆ ಕಾಯಿಕರಟ, ಮಾವಿನ ಓಟೆ. ಇವು ಬೇಗ ಕರಗುವುದಿಲ್ಲ, ಒಲೆಗೆ. ಸಾಂಬಾರು, ಮಜ್ಜಿಗೆಹುಳಿ ಉಳಿದರೆ ತೂತಿನ ಬಟ್ಟಲಲ್ಲಿ ಬಸಿದು ಹೋಳು ಮಾತ್ರ ರಾಶಿಗೆ. ಆ ರಸದಲ್ಲಿರುವ ಉಪ್ಪು ಗೊಬ್ಬರದಲ್ಲಿ ಹಾಗೇ ಉಳಿದು ಸಸಿಯ ಬೇರು ಸುಡುತ್ತದೆ. ಅನ್ನವನ್ನು ರಾಶಿಗೆ ಹಾಕಲೇಬೇಕಾಗಿ ಬಂದರೆ ಎಲೆಪುಡಿಯಲ್ಲಿ ಕೈಯಿಂದ ಉದುರುದುರಾಗಿ ಕಲಸಬೇಕು. ಉಂಡೆಯಾಗಿ ಬಿದ್ದ ಅನ್ನ ತಿಂಗಳ ನಂತರ ಒಡೆದರೂ ನಡುವೆ ಹುಳಿಹಿಟ್ಟಿನಂತೆ ಇರುತ್ತದೆ. ಜರಡಿ ಹಿಡಿದಾಗ ಮೆಸ್ಸಿನ ಸ್ಟೀಲ್ ಚಮಚಗಳು ಸಿಗುತ್ತಿದ್ದವು. ಅವನ್ನು ತೊಳೆದು ಭಟ್ಟರ ಕೈಗೇ ಕೊಟ್ಟು, ಮಾತಾಡದೆ ಹಿಂತಿರುಗುತ್ತಿದ್ದರು ಮೇಷ್ಟ್ರು. ಕ್ರಮೇಣ ಭಟ್ಟರು ದಾರಿಗೆ ಬಂದದ್ದು ಆ ಚಮಚಗಳಿಂದ.

ಮೊಟ್ಟೆಯ ಪ್ರಸಂಗ ಹೇಳದೆ ಬಿಟ್ಟರೆ ಹಾಸ್ಟೆಲಿನವರು ಕ್ಷಮಿಸುವುದಿಲ್ಲ. ಮೆಸ್ಸು ಸಸ್ಯಾಹಾರಿ. ನಮಗಿಂತ ಹಿರಿಯ ಸಾಲಿನ ಹುಡುಗರು ಒಂದು ರಾತ್ರಿ ಹನ್ನೆರಡು ಕೋಳಿಮೊಟ್ಟೆಯನ್ನು ಬಟ್ಟೆಚೀಲದಲ್ಲಿ ಕಟ್ಟಿ, ಐದು ದಿನದ ರಾಶಿಯ ಹೊಟ್ಟೆಯೊಳಗೆ ಹುಗಿದು, ದಾರದ ತುದಿ ಹೊರಗೆ ಬಿಟ್ಟು ಮಲಗಿದರು. ಬೆಳಿಗ್ಗೆ ದಾರ ಮೊದಲು ಕಂಡದ್ದು ಮೇಷ್ಟ್ರ ಕಣ್ಣಿಗೆ. ಚೀಲ ಎಳೆದರು, ಒಂದು ಮೊಟ್ಟೆ ಒಡೆದು ಅಂಗೈಯಲ್ಲಿ ಹಿಡಿದು ನೋಡಿದರು. ಹಳದಿ ಗಟ್ಟಿಯಾಗಿತ್ತು, ಬಿಳಿ ಇನ್ನೂ ಲೋಳೆ. ಬೈಗುಳ ಬರುತ್ತದೆಂದು ಕಾದವರಿಗೆ ಪಾಠ ಬಂತು. ಹಳದಿ 65 ಡಿಗ್ರಿಯ ಸುಮಾರಿಗೆ ಗಟ್ಟಿಯಾಗತೊಡಗುತ್ತದೆ, ಬಿಳಿ ಪೂರ್ತಿ ಬಿಗಿಯಲು ಅದಕ್ಕಿಂತ ತುಂಬಾ ಹೆಚ್ಚು ಕಾವು ಬೇಕು. ಅಂದರೆ ರಾಶಿ 65ರ ಆಸುಪಾಸಿನಲ್ಲಿದೆ. 55 ಡಿಗ್ರಿಯ ಮೇಲೆ ಮೂರು ದಿನ ನಿಂತರೆ ರೋಗಾಣುಗಳು ಸಾಯುತ್ತವೆ, ಕಾಂಗ್ರೆಸ್ ಗಿಡದ ಬೀಜಕ್ಕೂ ಅಲ್ಲಿ ಉಳಿಗಾಲ ಕಷ್ಟ. ಆದರೆ 65 ದಾಟಿದರೆ ಕೆಲಸ ಮಾಡುವ ಜೀವಿಗಳೇ ಸಾಯತೊಡಗುತ್ತವೆ, ಆಗ ಮಗುಚಿ ತಣಿಸಬೇಕು. ಸಗಣಿ ಮೆತ್ತಿದ ಮೊಟ್ಟೆ ತಿನ್ನಕೂಡದೆಂದು ಉಳಿದವನ್ನೂ ರಾಶಿಗೇ ಹಾಕಿಸಿ, ಆ ಹುಡುಗರ ಕೈಗೆ ಒಂದು ರಿಜಿಸ್ಟರ್ ಕೊಟ್ಟರು. ಟರ್ಮ್ ಮುಗಿಯುವವರೆಗೆ ದಿನಾ ಬೆಳಿಗ್ಗೆ ರಾಶಿಗೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟುವುದು. ಹಿಡಿಯಲಾಗದಷ್ಟು ಬಿಸಿಯಾ, ಉಗುರುಬೆಚ್ಚಗಾ, ತಣ್ಣಗಾ ಎಂದು ಬರೆಯುವುದು. ಅದಕ್ಕಿಂತ ಒಳ್ಳೆಯ ಪ್ರಾಯೋಗಿಕ ತರಗತಿ ಆ ಕಾಲೇಜಿನಲ್ಲಿ ನಡೆದಿರಲಾರದು.

ಎರೆಹುಳುವಿಗೂ ಒಂದು ತೊಟ್ಟಿ ಇತ್ತು. ಕಾವು ಇಳಿಯದ ಕಸ ಹಾಕಿದರೆ ಹುಳು ಓಡುತ್ತದೆ ಇಲ್ಲವೇ ಸಾಯುತ್ತದೆ, ಹುಳಿ-ಖಾರ ಅದಕ್ಕಾಗದು ಎನ್ನುವಷ್ಟೇ ಅದರ ಮುಖ್ಯ ಪಾಠ. ಗೊಬ್ಬರ ಮಾಗಿದೆಯೋ ಎಂದು ತಿಳಿಯಲು ಸಾಸಿವೆ ಬಿತ್ತುತ್ತಿದ್ದೆವು. ಒಂದು ತಟ್ಟೆಯಲ್ಲಿ ಗೊಬ್ಬರ, ಇನ್ನೊಂದರಲ್ಲಿ ತೋಟದ ಮಣ್ಣು, ಎರಡಕ್ಕೂ ಹತ್ತತ್ತು ಕಾಳು. ಗೊಬ್ಬರದ ತಟ್ಟೆ ಹಿಂದೆ ಬಿದ್ದರೆ ಇನ್ನೂ ಹಸಿ. ಅಂಥದ್ದನ್ನು ಗಿಡಕ್ಕೆ ಹಾಕಿದರೆ ಅದು ಕೊಳೆಯುವ ಕೆಲಸ ಮುಂದುವರಿಸಲು ಮಣ್ಣಿನ ಸಾರಜನಕವನ್ನೇ ಕಸಿಯುತ್ತದೆ, ಎಲೆ ಹಳದಿಯಾಗುತ್ತದೆ.

ಒಣಕಸದಲ್ಲಿ ಮೇಷ್ಟ್ರಿಗೆ ಆಸಕ್ತಿ ಕಡಿಮೆ, ಅದು ಗುಜರಿಯವನ ವಿದ್ಯೆ ಎನ್ನುತ್ತಿದ್ದರು. ಬಿಳಿ ಹಾಳೆ, ಪತ್ರಿಕೆ, ರಟ್ಟು ಬೇರೆ ಬೇರೆ ಕಟ್ಟಿ ಒಣಗಿದ ಜಾಗದಲ್ಲಿಟ್ಟರೆ ಬೆಲೆ, ಒದ್ದೆಯಾದರೆ ಇಲ್ಲ. ಹಾಲಿನ ಕವರಿನ ಮೂಲೆ ಪೂರ್ತಿ ಕತ್ತರಿಸದೆ ಅಂಟಿಕೊಂಡಂತೆ ಬಿಡಬೇಕು, ಆ ಚೂರನ್ನು ಯಾರೂ ಆಯುವುದಿಲ್ಲ. ಆಗ ಪೇಪರ್ ಕಪ್ಪಿನ ಕಾಟ ಇಷ್ಟಿರಲಿಲ್ಲ. ಈಗ ಅದನ್ನು ಕಾಗದವೆಂದು ನಂಬಿ ಗೊಬ್ಬರಕ್ಕೆ ಹಾಕುತ್ತಾರೆ; ಒಳಗಿನ ಪ್ಲಾಸ್ಟಿಕ್ ಪೊರೆ ಕರಗದೆ ಜರಡಿಯಲ್ಲಿ ಸಿಗುತ್ತದೆ.

ಕಾಲೇಜಿನ ಸುವರ್ಣ ಸಂಭ್ರಮಕ್ಕೆ ಬಂದವರು ಹಾಸ್ಟೆಲಿನ ಹಿಂದೆ ಕಂಡದ್ದು ಬೇರೆಯೇ. ಕಣಜದ ಜಾಗದಲ್ಲಿ ಪೇವರ್ ಹಾಸಿದ ಪಾರ್ಕಿಂಗ್. ಪಕ್ಕದ ಶೆಡ್ಡಿನಲ್ಲಿ ಹಸಿಕಸ ಅರೆಯುವ ಯಂತ್ರ, ಅದರ ಮೇಲೆ ಹಸಿರು ಬಣ್ಣದ ಫಲಕ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ಮುಂಚೆ ಬಳಿದ ಬಣ್ಣ ಎಂದು ಅಲ್ಲಿಯವರೇ ನಕ್ಕರು. ಯಂತ್ರವನ್ನು ಹಳಿಯುವುದು ಸರಿಯಲ್ಲ. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹೊರಡಿಸುವ ಸಂಸ್ಥೆಯನ್ನು 2016ರ ಘನತ್ಯಾಜ್ಯ ನಿಯಮಗಳು ದೊಡ್ಡ ಉತ್ಪಾದಕರ ಪಟ್ಟಿಗೆ ಸೇರಿಸಿದ್ದವು, ಸಾಧ್ಯವಾದಷ್ಟೂ ಹಸಿಕಸವನ್ನು ಆವರಣದೊಳಗೇ ಕರಗಿಸಿ ಎಂದಿದ್ದವು. ಹುಡುಗರ ಸಂಖ್ಯೆ ಏರಿರುವಾಗ ಯಂತ್ರ ಬೇಕಾಗಬಹುದು. ಆದರೆ ಅದಕ್ಕೂ ಮರದಪುಡಿ ಬೇಕು, ಆ ಪುಡಿಯನ್ನು ದುಡ್ಡು ಕೊಟ್ಟು ತರಿಸುತ್ತಾರೆ, ಅದೇ ಹೊತ್ತಿಗೆ ಆಟದ ಮೈದಾನದ ಅಂಚಿನಲ್ಲಿ ಮಳೆಮರದ ಎಲೆಗೆ ಬೆಂಕಿ ಇಟ್ಟಿರುತ್ತಾರೆ. ಯಂತ್ರದಿಂದ ಮರುದಿನ ಹೊರಬಂದ ಕಂದುಪುಡಿಯನ್ನು ಗೊಬ್ಬರವೆಂದು ನೇರ ಗುಲಾಬಿಗೆ ಹಾಕಿದ್ದರು. ಅದನ್ನು ಕ್ರೇಟುಗಳಲ್ಲಿ ತೇವವಿಟ್ಟು ಕನಿಷ್ಠ ಎರಡು ಮೂರು ವಾರ ಮಾಗಿಸಬೇಕು. ಗುಲಾಬಿಯ ಎಲೆ ಹಳದಿಯಾಗಿತ್ತು. ಬೆಂಗಳೂರಿನ ಹಲವು ಅಪಾರ್ಟ್‌ಮೆಂಟುಗಳಿಗೆ ಗೊಬ್ಬರದ ವ್ಯವಸ್ಥೆ ಹಾಕಿಕೊಟ್ಟವರು ನಮ್ಮ ಬ್ಯಾಚಿನವರು ಎನ್ನುವುದು ಕಾಲೇಜಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕೊಳ್ಳುವ ಮುಂಚೆ ಒಂದು ಫೋನ್ ಮಾಡಬಹುದಿತ್ತು.

ಈಗಲೂ ಕಾಲ ಮಿಂಚಿಲ್ಲ. ಗ್ರಂಥಾಲಯದ ಹಿಂದೆ, ನೀರಿನ ಟ್ಯಾಂಕಿನ ಬದಿಗೆ ಎರಡು ಕಣಜಕ್ಕಾಗುವಷ್ಟು ಎತ್ತರದ ಜಾಗ ಖಾಲಿ ಇದೆ, ಮಳೆನೀರು ಅಲ್ಲಿ ನಿಲ್ಲುವುದಿಲ್ಲ. ಜಾಲರಿ, ತಗಡು, ದಬ್ಬೆಯ ಖರ್ಚು ನಮ್ಮ ಬ್ಯಾಚಿನದು. ಡಿಸೆಂಬರ್ ಒಳಗೆ ಹೇಳಿಕಳಿಸಿ. ಎಲೆ ಉದುರಲು ಶುರುವಾದ ಮೇಲೆ ಹೇಳಿದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.