ಎರೆಮಣ್ಣಿನೊಳಗಿನ ಕರಕಲು ಕಾಳು

ತೇರದಾಳದಂಥ ನವಶಿಲಾಯುಗದ ನೆಲೆಯಲ್ಲಿ ಅಂದಿನವರು ಏನು ಬೆಳೆದರೆಂದು ತಿಳಿಯಬೇಕೆಂದರೆ ಮಣ್ಣು ತೊಳೆದು ಅದರೊಳಗಿನ ಕರಕಲು ಕಾಳು ತೆಗೆಯಬೇಕು. ಪದರಕ್ಕೆ 20 ಲೀಟರ್ ಮಣ್ಣು ಸಾಕು. ನಮ್ಮ ಎರೆಮಣ್ಣು ಹೆಂಟೆ ಕಟ್ಟುತ್ತದೆ. ಕೈಯಿಂದ ಒಡೆದರೆ ಕಾಳೂ ಪುಡಿ. ಮಣ್ಣು ಪೂರ್ತಿ ಒಣಗಿದ ಮೇಲೆ ಅಡಿಗೆ ಸೋಡಾ ಬೆರೆಸಿದ ನೀರಲ್ಲಿ ಹೆಂಟೆ ಕರಗುವವರೆಗೆ ನೆನೆಸಿ. ನಿಧಾನ ಕದಡಿ, ತೇಲಿದ್ದನ್ನು 0.25 ಮಿಲಿಮೀಟರ್ ಜಾಲರಿಗೆ ಬಸಿಯಿರಿ. ಒಣಗಿಸುವುದು ನೆರಳಲ್ಲೇ, ಬಿಸಿಲಿಗಿಟ್ಟರೆ ಇದ್ದಿಲಾದ ಹುರಳಿ ಸೀಳಿಬಿಡುತ್ತದೆ.

ಮೋಸ ಇರುವುದು ಬಿರುಕಿನಲ್ಲಿ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಟ್ಟಾಗ ಮೇಲಿನ ಜೋಳ ಕೆಳಗಿಳಿಯುತ್ತದೆ. ಸುಡದ ಕಾಳು ಸಿಕ್ಕರೆ ಇತ್ತೀಚಿನದೆಂದೇ ತಿಳಿಯಿರಿ. ಸುಟ್ಟದ್ದಾದರೂ ಆ ಕಾಳನ್ನೇ ರೇಡಿಯೋಕಾರ್ಬನ್‌ಗೆ (ವಯಸ್ಸು ಅಳೆಯುವ ಪರೀಕ್ಷೆಗೆ) ಕೊಡಿ, ಪಕ್ಕದ ಇದ್ದಿಲನ್ನಲ್ಲ.

ಡಿಎನ್‌ಎ ಆಸೆಯಿದ್ದರೆ ಇಂಥ ಕಾಳು ಬಿಡಿ, ಸುಟ್ಟಾಗಲೇ ಬಹುಪಾಲು ಹೋಗಿರುತ್ತದೆ. ಅಲ್ಲಿ ಸಿಕ್ಕ ಅಸ್ಥಿಪಂಜರದಲ್ಲಿ ಒಳಗಿವಿಯನ್ನು ಸುತ್ತಿದ ಗಟ್ಟಿ ಎಲುಬು ಮೇಲು; 50 ಮಿಲಿಗ್ರಾಂ ಪುಡಿ ಸಾಕು. ಎಲುಬನ್ನು ತೊಳೆಯಬೇಡಿ. ಕೈಗವಸು, ಮುಖಗವಸು ಹಾಕಿಯೇ ತೆಗೆದು ತಂಪಿನಲ್ಲಿಡಿ. ನಮ್ಮ ಸೆಕೆಗೆ, ಮಳೆ-ಬಿಸಿಲಿನ ಆಟಕ್ಕೆ ಸಿಗುವುದು ಡಿಎನ್‌ಎ ಚೂರುಗಳಷ್ಟೇ, ಸಿಕ್ಕರೆ. ಡಿಎನ್‌ಎಯ ಅಕ್ಷರಗಳಲ್ಲೊಂದಾದ ಸೈಟೋಸಿನ್ ಚೂರಿನ ತುದಿಯಲ್ಲಿ ಕೆಟ್ಟು, ಇನ್ನೊಂದು ಅಕ್ಷರ ಥೈಮಿನ್‌ನಂತೆ ಓದಿಸಿಕೊಂಡರೆ ಹಳೆಯದೆನ್ನಬಹುದು. ತುದಿ ಸ್ವಚ್ಛವಿದ್ದರೆ ಅದು ಅಗೆದವರದೇ ಇದ್ದೀತು.